ಚುಕ್ಕೆಗಳ ಸಾಕ್ಷ್ಯ

ಪ್ರೋಟೀನುಗಳು ಕಣ್ಣಿಗೆ ಕಾಣಿಸವು. ಅವನ್ನು ಬೇರ್ಪಡಿಸಿ ತೋರಿಸುವ ಉಪಾಯವೊಂದನ್ನು ಅಮೆರಿಕದ ಪ್ಯಾಟ್ರಿಕ್ ಓಫ್ಯಾರೆಲ್ 1975ರಲ್ಲಿ ಪ್ರಕಟಿಸಿದರು. ಲೋಳೆಯಂತಹ ಜೆಲ್ಲಿನಲ್ಲಿ ವಿದ್ಯುತ್ತನ್ನು ಹರಿಸಿದರೆ, ಪ್ರೋಟೀನುಗಳು ಮೊದಲು ತಮ್ಮ ವಿದ್ಯುದಂಶಕ್ಕೂ ಬಳಿಕ ಅಡ್ಡದಿಕ್ಕಿನಲ್ಲಿ ಗಾತ್ರಕ್ಕೂ ತಕ್ಕಂತೆ ಸರಿದು ನಿಲ್ಲುತ್ತವೆ. ಹೀಗೆ ಅವರು ಒಂದು ಬ್ಯಾಕ್ಟೀರಿಯದ ಪ್ರೋಟೀನುಗಳನ್ನು 1,100 ಚುಕ್ಕೆಗಳಾಗಿ ಬಿಡಿಸಿದರು.

ಚುಕ್ಕೆ ದಟ್ಟವಾದಷ್ಟೂ ಪ್ರೋಟೀನು ಹೆಚ್ಚು. ರೋಗಿಯ ಮಾದರಿಯಲ್ಲಿ ಯಾವುದು ಹೆಚ್ಚಿತು, ಯಾವುದು ತಗ್ಗಿತು ಎಂಬ ತೀರ್ಮಾನ ಈ ದಟ್ಟಣೆಯನ್ನೇ ಅವಲಂಬಿಸಿದೆ. ಕಣ್ಣಳತೆ ಇಲ್ಲಿ ಸಾಲದು, ಗಣಕಯಂತ್ರ ಬೇಕು.

ಆದರೆ ಯಂತ್ರದ ಅಳತೆಗೂ ಮಿತಿಯುಂಟಷ್ಟೆ. 8 ಬಿಟ್‌ಗಳ ಚಿತ್ರದಲ್ಲಿ 256 ಛಾಯೆಗಳು ಮಾತ್ರ. 16 ಬಿಟ್‌ಗಳದರಲ್ಲಿ 65,536. ಮಿತಿ ಮೀರಿದ ಚುಕ್ಕೆಗಳೆಲ್ಲ ಒಂದೇ ಸಮವಾಗಿ ತೋರುತ್ತವೆ. ಸೇರಿಗೆ ಕೊಳಗದಷ್ಟು ಸುರಿದರೂ ನಿಲ್ಲುವುದು ಸೇರಷ್ಟೇ ಅಲ್ಲವೆ? ಇಮೇಜ್‌ಜೆ ಎಂಬ ತಂತ್ರಾಂಶದಲ್ಲಿ, ಮಿತಿಯ ತುದಿ ಮುಟ್ಟಿದ ಕಡೆಗಳನ್ನು ಕೆಂಪು ಇಲ್ಲವೆ ನೀಲಿಯಾಗಿ ತೋರಿಸಿ ಎಚ್ಚರಿಸುವ ಏರ್ಪಾಡಿದೆ.

ಒಂದು ಜೆಲ್ಲು ಇನ್ನೊಂದರಂತಿರದೆಂಬುದು ಬೇರೊಂದು ತೊಡಕು. ಅದಕ್ಕಾಗಿ ಎಲ್ಲ ಮಾದರಿಗಳಿಂದಲೂ ಸಮಪಾಲು ತೆಗೆದ ಮಿಶ್ರಣಕ್ಕೆ ಬೇರೆಯ ಬಣ್ಣವಿತ್ತು ಪ್ರತಿ ಜೆಲ್ಲಿಗೂ ಸೇರಿಸುತ್ತಾರೆ. ತಂತ್ರಾಂಶವು ಪ್ರತಿ ಚುಕ್ಕೆಯನ್ನೂ ಈ ಸಾಮಾನ್ಯ ಅಳತೆಗೋಲಿನೊಡನೆ ಹೋಲಿಸುತ್ತದೆ.

ಇಷ್ಟಾದರೂ ತಂತ್ರಾಂಶ ದೋಷವನ್ನು ತೋರಿಸಬಲ್ಲುದೇ ಹೊರತು, ಚಿತ್ರದಲ್ಲಿ ಅಳಿದುಹೋದ ವ್ಯತ್ಯಾಸವನ್ನು ಮರಳಿ ತಾರದು. ಆಗ ಚಿತ್ರವನ್ನು ಮತ್ತೆ ತೆಗೆಯಬೇಕು. ಜೆಲ್ಲೇ ಕೆಟ್ಟಿದ್ದರೆ ಪ್ರಯೋಗವನ್ನೇ ಮತ್ತೆ ಮಾಡಬೇಕು. ಆ ತಾಳ್ಮೆ ಮಾತ್ರ ಮನುಷ್ಯನದು.