ಹಾಗಲಕಾಯಿಗೆ ಮುಖ ಸಿಂಡರಿಸುವ ಮಗು

ಹಾಗಲಕಾಯಿ ಗೊಜ್ಜು ಕಲಸಿದ ಅನ್ನದ ತುತ್ತು ಬಾಯಿಗಿಟ್ಟದ್ದೇ ತಡ, ಮಗುವಿನ ಮುಖ ಕಿವುಚಿಕೊಳ್ಳುತ್ತದೆ. ಕಣ್ಣು ಮುಚ್ಚುತ್ತದೆ, ನಾಲಿಗೆ ಹೊರಬರುತ್ತದೆ, ತುತ್ತು ಗಲ್ಲದ ಮೇಲೆ ಇಳಿಯುತ್ತದೆ. ಹಠಮಾರಿ ಎಂದು ಬೈಯಬೇಡಿ. ಇನ್ನೂ ತಾಯಿಯ ಹಾಲನ್ನೇ ಕುಡಿಯದ ಹಸುಗೂಸಿನ ನಾಲಿಗೆಗೆ ಸಿಹಿ ನೀರು ತಾಗಿಸಿದರೆ ಅದು ಚಪ್ಪರಿಸುತ್ತದೆ. ಕಹಿ ತಾಗಿಸಿದರೆ ಹೀಗೆಯೇ ಮುಖ ಸಿಂಡರಿಸುತ್ತದೆ. ಗಿಡಗಳ ವಿಷ ಬಹುಪಾಲು ಕಹಿಯಾಗಿರುವುದರಿಂದ ಕಹಿಯನ್ನು ಉಗುಳಿದವರೇ ಬದುಕಿ ಉಳಿದರು. ಸಿಹಿ ಗುರುತಿಸಲು ನಮ್ಮ ನಾಲಿಗೆಗೆ ಮುಖ್ಯವಾಗಿ ಒಂದೇ ಗ್ರಾಹಕ ಸಾಕು. ಕಹಿಗಾದರೋ ಸುಮಾರು 25 ಬಗೆಯ ಗ್ರಾಹಕಗಳಿವೆ.

ಎಲ್ಲರ ನಾಲಿಗೆಗೂ ಕಹಿ ಒಂದೇ ಸಮ ಇರುವುದಿಲ್ಲ. 1931ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಪಿಟಿಸಿ ಎಂಬ ಪುಡಿಯನ್ನು ಬಾಟಲಿಗೆ ತುಂಬುತ್ತಿದ್ದರು. ಧೂಳು ಹಾರಿತು. ಪಕ್ಕದಲ್ಲಿದ್ದವರು ವಿಪರೀತ ಕಹಿ ಎಂದರು, ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವಾದ ವಂಶವಾಹಿ ಸಿಕ್ಕಿದ್ದು 2003ರಲ್ಲಿ. ಎಲೆಕೋಸು, ನವಿಲುಕೋಸಿನಂಥ ತರಕಾರಿಗಳ ಕಹಿಯೂ ಆ ವಂಶವಾಹಿ ರೂಪಿಸುವ ಗ್ರಾಹಕವನ್ನೇ ತಟ್ಟುತ್ತದೆ. ಒಂದೇ ಪಂಕ್ತಿಯಲ್ಲಿ ಕುಳಿತ ಅಣ್ಣ ಎರಡನೇ ಸಲ ಪಲ್ಯ ಬಡಿಸಿಕೊಂಡರೆ ತಂಗಿ ಎಲೆಯ ಅಂಚಿಗೆ ತಳ್ಳುವುದರ ಹಿಂದೆ ಇದೂ ಇರಬಹುದು.

ಹಾಗಿದ್ದೂ ಹಾಗಲಕಾಯಿಯನ್ನು ಆಸೆಪಟ್ಟು ತಿನ್ನುವ ಹಿರಿಯರು ನಮ್ಮಲ್ಲಿ ಎಷ್ಟಿಲ್ಲ! ಹುಟ್ಟಿನ ಜೊತೆ ಬಂದ ಇಷ್ಟಾನಿಷ್ಟಗಳನ್ನು ಅಭ್ಯಾಸ ತಿದ್ದುತ್ತದೆ. ಆ ಪಾಠ ಹೊಟ್ಟೆಯೊಳಗಿದ್ದಾಗಲೇ ಶುರು. ಬಸುರಿ ತಿಂದ ಬೆಳ್ಳುಳ್ಳಿಯ ವಾಸನೆ ಗರ್ಭದ ನೀರಿಗೂ ಇಳಿಯುತ್ತದೆ, ಭ್ರೂಣ ಆ ನೀರನ್ನು ಗುಟುಕರಿಸುತ್ತಲೇ ಬೆಳೆಯುತ್ತದೆ. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ಕೆಲವು ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ, ಇನ್ನು ಕೆಲವರಿಗೆ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿಸಿದರು. ಬರೀ ನೀರು ಕುಡಿದವರ ಮಕ್ಕಳಿಗಿಂತ ಇವರ ಮಕ್ಕಳು ಮುಂದೆ ಕ್ಯಾರೆಟ್ ಬೆರೆಸಿದ ಗಂಜಿಗೆ ಕಡಿಮೆ ಮುಖ ಕಿವುಚಿದವು. 2001ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ತುಂಬ ಪ್ರಿಯವಾದದ್ದು. ಬಾಣಂತಿಗೆ ಅದು ಬೇಡ, ಇದು ಬೇಡ ಎಂದು ಸಪ್ಪೆ ಸಾರಲ್ಲೇ ತಿಂಗಳುಗಟ್ಟಲೆ ಇಡುವ ಮನೆಗಳು ಇದನ್ನೊಮ್ಮೆ ಯೋಚಿಸಬೇಕು.

ಕಲಿಕೆ ಉಲ್ಟಾ ಕೂಡ ನಡೆಯುತ್ತದೆ. ಕಿತ್ತಳೆ ತಿಂದು ಬಸ್ ಹತ್ತಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡವರಿಗೆ ವರ್ಷಗಳ ನಂತರವೂ ಕಿತ್ತಳೆಯ ವಾಸನೆಗೇ ಹೊಟ್ಟೆ ತೊಳಸಬಹುದು. ತಪ್ಪು ತಿರುವಿನದಾದರೂ ಮಿದುಳು ದೂರುವುದು ಹಣ್ಣನ್ನು. 1955ರಲ್ಲಿ ಮನೋವಿಜ್ಞಾನಿ ಜಾನ್ ಗಾರ್ಸಿಯಾ ಇದನ್ನು ಇಲಿಗಳಲ್ಲಿ ತೋರಿಸಿದರು. ಸಿಹಿ ನೀರು ಕುಡಿಯುವ ಹೊತ್ತಿಗೆ ವಿಕಿರಣ ತಗುಲಿ ಕಾಯಿಲೆ ಬಿದ್ದ ಇಲಿಗಳು ಆಮೇಲೆ ಆ ನೀರಿನಿಂದ ದೂರವೇ ಉಳಿದವು. ಮಗುವಿನ ಮೂಗು ಹಿಡಿದು ತುರುಕಿದ ತರಕಾರಿಯೂ ಇದೇ ಗತಿ ಕಾಣಬಹುದು.

ಸುತ್ತಲಿನವರ ಮಾತಿಗೂ ನಾಲಿಗೆ ಕಿವಿಗೊಡುತ್ತದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ಮತ್ತು ರಾಗಿ ಯಾರು ಹೆಚ್ಚೆಂದು ಜಗಳವಾಡಿ ರಾಮನ ಎದುರು ನಿಲ್ಲುತ್ತವೆ. ಧಾನ್ಯಗಳಿಗೂ ಮೇಲು ಕೀಳು ಅಂಟಿಸುವ ಚಾಳಿ ಅಷ್ಟು ಹಳೆಯದು. ನೆಂಟರ ಮುಂದೆ ಮುದ್ದೆ ಬಡಿಸಲು ನಾಚುವ ಮನೆಯಲ್ಲಿ ಮಗು ಮೊದಲು ಕಲಿಯುವುದು ಆ ನಾಚಿಕೆಯನ್ನೇ.

ಮಗು ಮೂರ್ನಾಲ್ಕು ಸಲ ಬೇಡವೆಂದರೆ ನಾವು ಕೈಬಿಡುತ್ತೇವೆ. ಹೊಸ ರುಚಿ ಒಗ್ಗಲು ಮಕ್ಕಳಿಗೆ 8–10 ಸಲ, ಕೆಲವರಿಗೆ 15 ಸಲವೂ ಬೇಕಾಗುತ್ತದೆ. ಹೆಚ್ಚಿದ ಹಾಗಲಕ್ಕೆ ಉಪ್ಪು ಸವರಿ ಹಿಂಡಿ. ಕಹಿ ರಸ ಇಳಿಯುತ್ತದೆ, ಉಳಿದ ಕಹಿಯನ್ನು ನಾಲಿಗೆಯ ಮೇಲೆ ಉಪ್ಪೇ ತಗ್ಗಿಸುತ್ತದೆ. ಹುಣಸೆ, ಬೆಲ್ಲ ಹಾಕಿ ಗೊಜ್ಜು ಮಾಡಿ. ಮಗುವಿನ ತಟ್ಟೆಗೆ ಕಡಲೆಕಾಳಿನಷ್ಟೇ ಬಡಿಸಿ, ಬೇಡವೆಂದರೆ ಬಲವಂತ ಮಾಡಬೇಡಿ. ಅದರ ಎದುರಿಗೆ ಕುಳಿತು ನೀವು ಉಣ್ಣಿ. ಮುಂದಿನ ವಾರ ಮತ್ತೆ ಹಾಗಲಕಾಯಿ ತನ್ನಿ.