ಅಡವಿಗೆ ಹೋದ ಚಿನ್ನ, ಹಿಂದೆಗೆದ ಠೇವಣಿ

ಒಡವೆಯನ್ನು ಅಡವಿಡುವ ಕಾಲ ಬಂದಿತೆಂದರೆ ಆ ಮನೆಯ ಲೆಕ್ಕ ಎಂದೋ ತಪ್ಪಿದೆಯೆಂದೇ ಅರ್ಥ. 1991ರಲ್ಲಿ ಭಾರತ ಸರ್ಕಾರಕ್ಕೆ ಅಂಥ ಕಾಲ ಬಂದಿತು. ಮೇ ತಿಂಗಳಲ್ಲಿ, ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡಿದ್ದ 20 ಟನ್ ಚಿನ್ನವು ಮರಳಿ ಕೊಳ್ಳುವ ಕರಾರಿನ ಮೇಲೆ ಸ್ವಿಟ್ಜರ್ಲೆಂಡಿನ ಬ್ಯಾಂಕೊಂದರ ಪಾಲಾಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕು ತನ್ನ ಭಂಡಾರದಿಂದಲೇ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಹೊರಗೆ ಕಳುಹಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ಸುಮಾರು 40 ಕೋಟಿ ಡಾಲರ್ ಸಾಲ ಪಡೆಯಿತು. ಉಳಿದಿದ್ದ ವಿದೇಶೀ ವಿನಿಮಯ ಕೇವಲ ಎರಡು ವಾರಗಳ ಆಮದಿಗೆ ಸಾಲುವಷ್ಟಿತ್ತು.

ಕೊಲ್ಲಿಯ ಯುದ್ಧವೇ ಇದಕ್ಕೆಲ್ಲ ಕಾರಣವೆನ್ನುವುದು ವಾಡಿಕೆ. ತೈಲದ ಬೆಲೆ ಏರಿದ್ದು ನಿಜ. ಕುವೈತಿನಿಂದ ನಮ್ಮವರು ಬರಿಗೈಯಲ್ಲಿ ಮರಳಿದ್ದೂ, ಕರಾವಳಿಯ ಮನೆಗಳಿಗೆ ಬರುತ್ತಿದ್ದ ಹಣ ನಿಂತದ್ದೂ ನಿಜ. ಆದರೆ ಗೆದ್ದಲು ಹಿಡಿದ ತೊಲೆ ಮಳೆಗಾಲದಲ್ಲಿ ಬಿದ್ದರೆ ಮಳೆಯೊಂದನ್ನೇ ದೂರಲಾದೀತೆ? ಅರ್ಥಸಚಿವ ಮನಮೋಹನ ಸಿಂಗರು 1991ರ ಜುಲೈ 24ರ ಬಜೆಟ್ ಭಾಷಣದಲ್ಲಿ ಮುಂದಿಟ್ಟ ಅಂಕಿಗಳನ್ನೇ ನೋಡಿ. ಕೇಂದ್ರದ ವಿತ್ತೀಯ ಕೊರತೆಯು 1970ರ ದಶಕದ ನಡುವೆ ರಾಷ್ಟ್ರೀಯ ಉತ್ಪನ್ನದ ಶೇಕಡ 4ರಷ್ಟಿದ್ದುದು, 1980ರ ದಶಕದ ಆರಂಭಕ್ಕೆ 6 ಆಗಿ, 1990-91ರಲ್ಲಿ 8ನ್ನು ಮೀರಿತ್ತು. ಕೇಂದ್ರದ ವೆಚ್ಚದಲ್ಲಿ ಐದನೆಯ ಒಂದು ಪಾಲು ಬರಿಯ ಬಡ್ಡಿಗೇ ಹೋಗುತ್ತಿತ್ತು. ಸಾಲಮಾಡಿ ಬಾವಿ ತೋಡಿಸಿದರೆ ನೀರಾದರೂ ದೊರೆತೀತು. ಹಳೆಯ ಬಡ್ಡಿಗೆಂದು ಹೊಸ ಸಾಲ ಮಾಡಿದರೆ ಉಳಿಯುವುದೇನು? ಇದನ್ನು ತಿಳಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ, ತಿಂಗಳ ದಿನಸಿಯ ಚೀಟಿ ಬರೆದ ಅನುಭವ ಸಾಕು.

ಹೊರನಾಡಿನ ನಮಗೆ ಈ ಕಥೆಯಲ್ಲಿ ಒಂದು ಪಾತ್ರವಿದೆ. ಅದನ್ನು ನಮ್ಮ ವೇದಿಕೆಗಳಲ್ಲಿ ಯಾರೂ ಎತ್ತುವುದಿಲ್ಲ. ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಸರ್ಕಾರವು 1980ರ ದಶಕದಲ್ಲಿ ಅನಿವಾಸಿಗಳ ಠೇವಣಿಯನ್ನು ಸೆಳೆದುಕೊಂಡಿತ್ತು. ಅಪಾಯದ ಸುಳಿವು ಸಿಕ್ಕೊಡನೆ ಆ ಹಣ ಹಿಂದಿರುಗತೊಡಗಿತು. 1991ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರೇ ತಿಂಗಳಲ್ಲಿ ಹೊರಹೋದದ್ದು ಸುಮಾರು 95 ಕೋಟಿ ಡಾಲರ್. ಜುಲೈನಲ್ಲಿ ಚಿನ್ನವಿಟ್ಟು ತಂದ ಸಾಲ ಇದರ ಅರ್ಧಕ್ಕೂ ಕಡಿಮೆ!

ಹಾಗೆ ಹಿಂದೆಗೆದವರನ್ನು ದೇಶದ್ರೋಹಿಗಳೆನ್ನಲು ನನಗೆ ಮನಸ್ಸಿಲ್ಲ. ಬೆವರು ಸುರಿಸಿ ಗಳಿಸಿದ ಹಣವನ್ನು, ಆದಾಯ ಮೀರಿ ಖರ್ಚು ಮಾಡುವವರ ಕೈಯಲ್ಲಿ ಬಿಡಲು ಯಾರು ತಾನೆ ಅಂಜುವುದಿಲ್ಲ? ಸರ್ಕಾರವೂ ನಮ್ಮ ತಾಯ್ನಾಡಿನ ಪ್ರೇಮವನ್ನು ನೆಚ್ಚಿ ಕೂರಲಿಲ್ಲ. ಅಣುಪರೀಕ್ಷೆಯ ನಂತರ, 1998ರಲ್ಲಿ ಸ್ಟೇಟ್ ಬ್ಯಾಂಕು ರಿಸರ್ಜೆಂಟ್ ಇಂಡಿಯಾ ಬಾಂಡುಗಳನ್ನು ಹೊರಡಿಸಿದಾಗ ಡಾಲರಿಗೆ ಶೇಕಡ 7.75ರ ಬಡ್ಡಿಯನ್ನು ಮುಂದಿಟ್ಟಿತು. ಬಂದದ್ದು ಸುಮಾರು 420 ಕೋಟಿ ಡಾಲರ್. 2003ರಲ್ಲಿ ಅದನ್ನು ಬಡ್ಡಿಸಮೇತ ತೀರಿಸಿತು.