ಬೆನ್ನು ಬಗ್ಗಿಸಿದ ನೀರು

ರಾಯಚೂರು ಜಿಲ್ಲೆಯ ಬಳಗಾನೂರಿನ ಸುತ್ತಲಿನ ಸೀಮೆಗೆ ಹಳೆಯದಾದ ಒಂದು ಬೆನ್ನುನೋವಿನ ಮೂಲ ಮೊದಲು ಹೊಳೆದದ್ದು ದೂರದ ಊರಿನ ಎತ್ತುಗಳಿಂದ. 1930ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಉಳುವ ಎತ್ತುಗಳ ಕೀಲುಗಳು ಬಿಗಿದು, ನೋವಿಗೆ ಹೆಜ್ಜೆ ಎತ್ತಿಡಲಾರದೆ ನಿಂತುಬಿಡುತ್ತಿದ್ದವು. ದನಗಳ ಈ ಬಾಧೆಗೆ ಕುಡಿಯುವ ನೀರಿನಲ್ಲಿದ್ದ ಫ್ಲೋರೈಡ್ ಕಾರಣವೆಂದು 1935ರಲ್ಲಿ ವರದಿಯಾಯಿತು. ಎತ್ತು ಕುಡಿಯುವ ನೀರನ್ನೇ ಒಕ್ಕಲಿಗನೂ ಕುಡಿಯುತ್ತಾನಲ್ಲ? ಅವನ ಬೆನ್ನೂ ಬಿಗಿದೇ ಇತ್ತು.

ಮನುಷ್ಯರ ನೋವಿಗೂ ಅದೇ ಕಾರಣವೆಂದು ಸಾಬೀತು ಮಾಡಿದವರು ಮದ್ರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಎಚ್. ಇ. ಶಾರ್ಟ್, ವೈದ್ಯ ಮೆಕ್‌ರಾಬರ್ಟ್, ಎಕ್ಸ್-ರೇ ತಜ್ಞ ಬರ್ನಾರ್ಡ್ ಮತ್ತು ಮನ್ನಾಡಿ ನಾಯರ್. ಎಕ್ಸ್-ರೇ ಫಿಲ್ಮಿನಲ್ಲಿ ರೋಗಿಗಳ ಬೆನ್ನೆಲುಬು ಸುಣ್ಣದಂತೆ ಬೆಳ್ಳಗೆ ಕಂಡಿತು. ಕಶೇರುಗಳನ್ನು ಬಿಗಿದಿರುವ ಮೆತ್ತನೆಯ ನಾರುಗಳೂ ಗಟ್ಟಿಯಾಗಿ ಎಲುಬೇ ಆಗಿದ್ದವು. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲೂ ಸುಣ್ಣದಂಶ ಕೂಡುವುದು ಈ ರೋಗದ ಖಚಿತ ಗುರುತು. ಇಂಥದೇ ಮೂಳೆಗಳನ್ನು 1932ರಲ್ಲಿ ಕೋಪನ್‌ಹೇಗನ್ನಿನ ವೈದ್ಯರು ಕಂಡಿದ್ದರು. ಕ್ರಯೋಲೈಟ್ ಎಂಬ ಫ್ಲೋರೈಡ್ ಖನಿಜ ಪುಡಿಮಾಡುವ ಕಾರ್ಖಾನೆಯ ಕಾರ್ಮಿಕರ ಎದೆಯಲ್ಲಿ ದೂಳಿನ ಕಾಯಿಲೆ ಹುಡುಕಲು ಹೋದವರಿಗೆ ಸಿಕ್ಕಿದ್ದು ಕಲ್ಲಾದ ಎಲುಬು. ಅಲ್ಲಿ ದೂಳಿನಿಂದ ಬಂದದ್ದು ಇಲ್ಲಿ ಬಾವಿಯಿಂದ ಬಂದಿತ್ತು. 1937ರಲ್ಲಿ ಶಾರ್ಟ್ ತಂಡದ ಲೇಖನ ಪ್ರಕಟವಾಯಿತು. ಈ ರೋಗದ ಹೆಸರು ಫ್ಲೋರೋಸಿಸ್. ಭಾರತದಲ್ಲಿ ಮನುಷ್ಯರ ಫ್ಲೋರೋಸಿಸ್ ಇತಿಹಾಸ ಅಲ್ಲಿಂದ ಆರಂಭ.

ನಮ್ಮ ಸಿಂಧನೂರು, ಲಿಂಗಸುಗೂರು ಸೀಮೆಯ ನೆಲದಡಿ ಇರುವುದು ಹಳೆಯ ಗ್ರಾನೈಟ್, ನೈಸ್ ಬಂಡೆಗಳೇ. ಇಂಥ ಕಲ್ಲಿನಲ್ಲಿರುವ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು. ರಾಯಚೂರು ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ದಾಟಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ; ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ನಮ್ಮ ತಟ್ಟೆಯ ಮಾತೂ ಇದೆ. ಜೋಳದ ಊಟ ಮಾಡುವವರ ದೇಹದಲ್ಲಿ ಅನ್ನ ಉಣ್ಣುವವರಿಗಿಂತ ಹೆಚ್ಚು ಫ್ಲೋರೈಡ್ ಉಳಿಯುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ 1977ರಲ್ಲಿ ತೋರಿಸಿದರು. ಹಾಗೆಂದು ರೊಟ್ಟಿ ಬಿಡಬೇಕಿಲ್ಲ, ಬಿಡಬೇಕಾದ್ದು ಆ ನೀರನ್ನು.

ಬಾಗಿದ ಬೆನ್ನೆಲ್ಲ ಫ್ಲೋರೋಸಿಸ್ ಅಲ್ಲ; ಹರೆಯದ ಮಕ್ಕಳ ಬೆನ್ನು ಪಕ್ಕಕ್ಕೆ ಡೊಂಕಾಗುವ ಸ್ಕೋಲಿಯೋಸಿಸ್ ಬೇರೆ ಕಾಯಿಲೆ. ಮಗುವನ್ನು ಮುಂದಕ್ಕೆ ಬಗ್ಗಿಸಿದಾಗ ಬೆನ್ನಿನ ಒಂದು ಬದಿ ಉಬ್ಬಿ ಕಂಡರೆ ಆ ಅನುಮಾನ ಬರುತ್ತದೆ. ಎಕ್ಸ್-ರೇಯಲ್ಲಿ ಬಾಗು 10 ಡಿಗ್ರಿ ಮುಟ್ಟಿದರೆ ಖಚಿತ. ಬೆಳೆಯುವ ವಯಸ್ಸಿನಲ್ಲೇ ಗೊತ್ತಾದರೆ ಬೆನ್ನುಪಟ್ಟಿ ಹಾಕಿ ಬಾಗು ಹೆಚ್ಚದಂತೆ ತಡೆಯಬಹುದು, ತೀರಾ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆ. ಅದು ಯಾಕೆ ಬರುತ್ತದೆ ಎಂಬುದು ಬಹುಪಾಲು ಮಕ್ಕಳಲ್ಲಿ ಇವತ್ತಿಗೂ ತಿಳಿದಿಲ್ಲ. ಫ್ಲೋರೋಸಿಸ್ ಕತೆ ಇದಕ್ಕೆ ತಿರುವು ಮುರುವು: ಕಾರಣ 1937ರಿಂದಲೂ ಗೊತ್ತು, ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧಿ ಮಾತ್ರ ಇಲ್ಲ.

ಆದ್ದರಿಂದ ಮೊದಲೇ ಗುರುತು ಹಿಡಿಯುವುದು ಮುಖ್ಯ. ಪರೀಕ್ಷೆಯನ್ನು ಮನೆಯಂಗಳದಲ್ಲೇ ಮಾಡಬಹುದು. ನೆಲದ ಮೇಲಿನ ನಾಣ್ಯವನ್ನು ಮೊಣಕಾಲು ಮಡಚದೆ ಎತ್ತಿಕೊಳ್ಳಲು ಆಗುತ್ತದೆಯೇ? ಗದ್ದ ಎದೆಗೆ ಮುಟ್ಟುತ್ತದೆಯೇ? ಎರಡೂ ಕೈ ಎತ್ತಿ ಹಿಂದಲೆ ಹಿಡಿಯಲು ಬರುತ್ತದೆಯೇ? ಆಗದಿದ್ದರೆ, ಮನೆಯ ಮಕ್ಕಳ ಹಲ್ಲಿನ ಮೇಲೆ ಹಳದಿ-ಕಂದು ಗೆರೆಗಳೂ ಇದ್ದರೆ, ವೈದ್ಯರನ್ನು ಕಾಣಬೇಕು. ಮೂತ್ರ ಮತ್ತು ನೀರಿನ ಫ್ಲೋರೈಡ್ ಪರೀಕ್ಷೆ, ಎಕ್ಸ್-ರೇ ಉಳಿದದ್ದನ್ನು ಹೇಳುತ್ತವೆ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಬೋರಿನ ನೀರು ಸ್ನಾನಕ್ಕೆ, ಬಟ್ಟೆ ಒಗೆಯಲು ಇರಲಿ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೋ, ಸೋಸಿ ಶುದ್ಧಗೊಳಿಸಿದ ಕಾಲುವೆ ನೀರನ್ನೋ ಬಳಸಿ. ಹಾಲು, ಮೊಸರು, ನೆಲ್ಲಿಕಾಯಿ ಊಟದಲ್ಲಿರಲಿ. ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವ ಹಾನಿಯನ್ನು ತಗ್ಗಿಸುತ್ತವೆ. ನಿಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ ಎಂದು ಒತ್ತಾಯಿಸಿ.